‘ಬಳ್ಳಾರಿ’ಗೆ ಲೆಂತ್ 7 ಯಾಕ ಬರ್ತದ? ‘ಕೊಪ್ಪಳ’ ಹುಡುಕಿದ್ರ ಯಾಕ ಸಿಗವಲ್ದು?

ಸಿಂಧನೂರು_ಕಾಲುವೆ ಕೇಳಿದ್ದು:

ಜಾವಾಸ್ಕ್ರಿಪ್ಟ್ ನನಗ ಹೊಸದು. ಭತ್ತದ ದಲಾಲಿ ಅಂಗಡಿಗೆ ಒಂದು ಸಣ್ಣ ಪುಟ ಮಾಡ್ಲಿಕ್ಕೆ ಹತ್ತೀನಿ. ರೈತರ ಹೆಸರು, ಊರು, ತಳಿ, ಚೀಲ ಎಷ್ಟು (75 ಕೆಜಿ ಚೀಲದ ಲೆಕ್ಕ), ದರ, ಇಷ್ಟೇ. ಫ್ರೇಮ್‌ವರ್ಕ್ ಯಾವುದೂ ಇಲ್ಲ. ಸ್ಟ್ರಿಂಗ್ (ಅಕ್ಷರ ಸಾಲಾಗಿ ಇಟ್ಟ ಪಠ್ಯ) ವಿಷಯದಾಗ ಮೂರು ಕಡೆ ಸಿಕ್ಕಿಬಿದ್ದೀನಿ. ಕನ್ನಡ ಕೀಬೋರ್ಡಿನ್ಯಾಗ ಬರೀತಿರೋದಕ್ಕ ಕೋಡಿನ ಹೆಸರೆಲ್ಲ ಉಚ್ಚಾರದಂಗ ಬರೆದೀನಿ, ತಿಳ್ಕೊಳ್ರಿ.

ಕಾರ್ಡಿನ್ಯಾಗ ಊರಿನ ಹೆಸರು ಉದ್ದ ಆದ್ರ ಕತ್ತರಿಸಿ ಮೂರು ಚುಕ್ಕಿ ಹಾಕಬೇಕು. ‘ಬಳ್ಳಾರಿ’ ಮೂರೇ ಅಕ್ಷರ, ಆದ್ರ ಊರು.ಲೆಂತ್ ಅಂದ್ರ 7 ಬರ್ತದ. ಊರು.ಸ್ಲೈಸ್(0, 3) ಕೊಟ್ರ ‘ಬಳ್’ ಅಂತ ಬರ್ತದ. ಸ್ಲೈಸ್(2) ಕೊಟ್ಟು ನೋಡಿದ್ರ ಮೊದಲಿಗೆ ಒಂದು ಚುಕ್ಕಿ ಚುಕ್ಕಿ ಸುತ್ತು ಕಾಣ್ತದ, ಅದರ ಹಿಂದ ಉಳಿದ ಅಕ್ಷರ.

ಎರಡನೇದು ಹುಡುಕಾಟ. ಪಟ್ಟಿಯೊಳಗ ‘ಕೊಪ್ಪಳ’ ಮೂರು ಸಾಲಿನಾಗ ಅದ, ಕಣ್ಣಿಗೆ ಮೂರೂ ಒಂದೇ. ಹುಡುಕಿದ್ರ ಎರಡೇ ಬರ್ತಾವ. ಮೂರನೇದನ್ನ ಟ್ರಿಪಲ್ ಈಕ್ವಲ್ ಹಾಕಿ ಹೋಲಿಸಿದ್ರ ಫಾಲ್ಸ್. ಟ್ರಿಮ್ ಮಾಡೀನಿ, ಏನೂ ಆಗಿಲ್ಲ. ‘ಗಂಗಾವತಿ’ದೂ ಒಂದು ಸಾಲು ಹಂಗೇ ಕೈ ಕೊಡ್ತದ.

ಮೂರನೇದು ಚೀಲದ ಮೊತ್ತ. 40 ಮತ್ತ 25 ಹಾಕಿದ್ರ 65 ಬರಬೇಕಲ್ಲ, 04025 ಬರ್ತದ. ಆದ್ರ ಒಂದೊಂದೇ ಸಾಲಿನ ತೂಕ ಮಾತ್ರ ಸರಿ ಬರ್ತದ, 40 ಚೀಲಕ್ಕ 3000 ಕೆಜಿ. ಒಂದು ಸರಿ, ಇನ್ನೊಂದು ತಪ್ಪು ಯಾಕ?


ಕೋಟೆ_ಕೆಳಗೆ ಉತ್ತರ:

ಮೊದಲು ಮೊತ್ತದ್ದು ಮುಗಿಸೋಣ, ಅದು ಸಣ್ಣದು. ಉತ್ತರದ ಮುಂದೆ ಕೂತಿರೋ ಸೊನ್ನೆನೇ ಎಲ್ಲ ಹೇಳ್ತಾ ಇದೆ. ನೀವು ಒಟ್ಟು ಅನ್ನೋದನ್ನ 0 ಇಂದ ಶುರು ಮಾಡಿದ್ದೀರಿ, ಅದು ಸಂಖ್ಯೆ. ಅದಕ್ಕೆ ಸೇರಿಸಿದ್ದು ಇನ್‌ಪುಟ್ ಬಾಕ್ಸಿನ ವ್ಯಾಲ್ಯೂ, ಅದು ಯಾವಾಗಲೂ ಸ್ಟ್ರಿಂಗ್. ಟೈಪ್ ನಂಬರ್ ಅಂತ ಕೊಟ್ಟಿದ್ದರೂ ಸ್ಟ್ರಿಂಗೇ. ಪ್ಲಸ್ ಗುರುತಿನ ಯಾವುದಾದರೂ ಒಂದು ಬದಿಗೆ ಸ್ಟ್ರಿಂಗ್ ಇದ್ದರೆ ಸಾಕು, ಅದು ಕೂಡಿಸೋದು ಬಿಟ್ಟು ಅಂಟಿಸುತ್ತೆ. 0 ಮತ್ತು ‘40’ ಅಂಟಿ ‘040’, ಅದಕ್ಕೆ ‘25’ ಅಂಟಿ ‘04025’.

ಗುಣಾಕಾರಕ್ಕೆ ಅಂಟಿಸೋ ಕೆಲಸ ಗೊತ್ತಿಲ್ಲ, ಅದಕ್ಕೆ ಅದು ‘40’ ಅನ್ನ ತಾನೇ ಸಂಖ್ಯೆ ಮಾಡಿಕೊಂಡು 75ರಿಂದ ಗುಣಿಸಿ 3000 ಕೊಟ್ಟಿದೆ. ಹಾಗಾಗಿ ಸಾಲಿನ ತೂಕ ಸರಿ. ಇದೇ ದೊಡ್ಡ ಮೋಸ: ಈಗ ನೀವು ಒಟ್ಟು ತೂಕ ಅಂತ ಆ ‘04025’ ಅನ್ನ 75ರಿಂದ ಗುಣಿಸಿದರೆ 301875 ಬರುತ್ತೆ, ಎಲ್ಲೂ ಎರರ್ ಬರಲ್ಲ. 48.75 ಕ್ವಿಂಟಲ್ ಇರಬೇಕಾದ ಜಾಗದಲ್ಲಿ 3018.75 ಕ್ವಿಂಟಲ್ ಚೀಟಿ ಹರಿದುಕೊಡ್ತೀರಿ.

ಬಾಕ್ಸಿನಿಂದ ಓದಿದ ಜಾಗದಲ್ಲೇ ನಂಬರ್( ) ಒಳಗೆ ಹಾಕಿ ಸಂಖ್ಯೆ ಮಾಡಿಕೊಳ್ಳಿ, ಮುಂದೆ ಎಲ್ಲೋ ಮಾಡ್ತೀನಿ ಅನ್ನಬೇಡಿ. ಒಂದು ಎಚ್ಚರ: ಖಾಲಿ ಬಾಕ್ಸನ್ನ ನಂಬರ್( ) ಒಳಗೆ ಹಾಕಿದರೆ 0 ಬರುತ್ತೆ, ಬರೀ ಸ್ಪೇಸ್ ಇದ್ದರೂ 0. ಚೀಲ ತುಂಬೋದು ಮರೆತ ಸಾಲು ಸೊನ್ನೆ ಚೀಲ ಅಂತ ಸುಮ್ಮನೆ ಸೇವ್ ಆಗಿಬಿಡುತ್ತೆ. ಮೊದಲು ಟ್ರಿಮ್ ಮಾಡಿ, ಖಾಲಿ ಇದ್ದರೆ ಅಲ್ಲೇ ನಿಲ್ಲಿಸಿ, ಆಮೇಲೆ ನಂಬರ್.

ಈಗ ಲೆಂತ್. ನೀವು ಕಣ್ಣಲ್ಲಿ ಎಣಿಸಿದ್ದು ಅಕ್ಷರ: ಬ, ಳ್ಳಾ, ರಿ. ಜಾವಾಸ್ಕ್ರಿಪ್ಟ್ ಎಣಿಸಿದ್ದು ಒಳಗೆ ಇಟ್ಟಿರೋ ಸಂಕೇತಗಳು. ಶಾಲೆಯಲ್ಲಿ ಕಲಿತ ಕಾಗುಣಿತ ನೆನಪು ಮಾಡಿಕೊಳ್ಳಿ, ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡೋ ಪದ್ಧತಿ) ಹೆಚ್ಚುಕಡಿಮೆ ಅದೇ. ವ್ಯಂಜನ ಒಂದು ಸಂಕೇತ, ಅದರ ಗುಡಿಸು, ಕೊಂಬು, ಇಳಿ ಬೇರೆ ಒಂದೊಂದು ಸಂಕೇತ, ಒತ್ತು ಬಂದರೆ ನಡುವೆ ಹಲಂತ ಮತ್ತೊಂದು. ಊರು.ಚಾರ್‌ಕೋಡ್‌ಅಟ್( ) ಒಳಗೆ 0 ಇಂದ 6 ತನಕ ಕೊಟ್ಟು ನೋಡಿದರೆ ಹೀಗೆ ಬರುತ್ತೆ:

0 – 3244 – ಬ
1 – 3251 – ಳ
2 – 3277 – ಹಲಂತ
3 – 3251 – ಮತ್ತೆ ಳ
4 – 3262 – ಇಳಿ
5 – 3248 – ರ
6 – 3263 – ಗುಡಿಸು

ಏಳು. ಸ್ಲೈಸ್(0, 3) ಅಂದರೆ ಬ, ಳ, ಹಲಂತ, ಹಾಗಾಗಿ ‘ಬಳ್’. ಸ್ಲೈಸ್(2) ಹಲಂತದಿಂದಲೇ ಶುರುವಾಗುತ್ತೆ. ಹಿಂದೆ ಹಿಡಿದುಕೊಳ್ಳಲು ವ್ಯಂಜನ ಇಲ್ಲದ್ದಕ್ಕೆ ಬ್ರೌಸರ್ ಆ ಚುಕ್ಕಿ ಸುತ್ತನ್ನ ಬರೆದು ಅದಕ್ಕೆ ನೇತುಹಾಕಿದೆ. ಆ ಸುತ್ತು ನಿಮ್ಮ ಡೇಟಾದಲ್ಲಿ ಇಲ್ಲ, ಹುಡುಕಿ ಅಳಿಸೋಕೆ ಹೋಗಬೇಡಿ.

ಕತ್ತರಿಸೋ ವಿಷಯಕ್ಕೆ ನನ್ನ ಸಲಹೆ: ಜಾವಾಸ್ಕ್ರಿಪ್ಟಿನಲ್ಲಿ ಕತ್ತರಿಸಲೇ ಬೇಡಿ. ‘ಮಾನ್ವಿ’ ಎರಡು ಅಕ್ಷರ, ‘ಹಗರಿಬೊಮ್ಮನಹಳ್ಳಿ’ ಎಂಟು ಅಕ್ಷರ (ಲೆಂತ್ ಕೇಳಿದರೆ 15). ಕಾರ್ಡಿನಲ್ಲಿ ಎಷ್ಟು ಹಿಡಿಯುತ್ತೆ ಅನ್ನೋದು ಅಕ್ಷರದ ಲೆಕ್ಕದಿಂದ ಗೊತ್ತಾಗಲ್ಲ, ‘ರ’ ಹಿಡಿಯೋ ಜಾಗಕ್ಕೂ ‘ಘೋ’ ಹಿಡಿಯೋ ಜಾಗಕ್ಕೂ ಅಜಗಜಾಂತರ. ಅದು ಸಿಎಸ್‌ಎಸ್ (ಪುಟ ಹೇಗೆ ಕಾಣಬೇಕು ಅಂತ ಹೇಳೋ ಭಾಷೆ) ಕೆಲಸ. ಮೂರು ಸಾಲು ಸೇರಿಯೇ ಇರಬೇಕು: ಓವರ್‌ಫ್ಲೋ ಹಿಡನ್, ವೈಟ್‌ಸ್ಪೇಸ್ ನೋರ್ಯಾಪ್, ಟೆಕ್ಸ್ಟ್‌ಓವರ್‌ಫ್ಲೋ ಎಲಿಪ್ಸಿಸ್. ಜೊತೆಗೆ ಆ ಡಬ್ಬಿಗೆ ಅಗಲ ಅಥವಾ ಮ್ಯಾಕ್ಸ್‌ವಿಡ್ತ್ ಕೊಡಿ. ಸ್ಪ್ಯಾನ್ ಟ್ಯಾಗಿಗೆ ಹಾಕಿ ‘ಕೆಲಸ ಮಾಡ್ತಿಲ್ಲ’ ಅನ್ನೋರೇ ಜಾಸ್ತಿ. ಸ್ಪ್ಯಾನ್ ಇನ್‌ಲೈನ್, ಅದಕ್ಕೆ ಅಗಲ ಹತ್ತಲ್ಲ, ಡಿಸ್‌ಪ್ಲೇ ಇನ್‌ಲೈನ್‌ಬ್ಲಾಕ್ ಮಾಡಿ. ಹೀಗೆ ಮಾಡಿದರೆ ಪೂರ್ತಿ ಹೆಸರು ಪುಟದಲ್ಲೇ ಇರುತ್ತೆ, ಕಾಪಿ ಮಾಡಿದರೂ ಪೂರ್ತಿ ಬರುತ್ತೆ.

ಮೊದಲ ಅಕ್ಷರ ತೆಗೆದು ದುಂಡನೆ ಬಿಲ್ಲೆ ಒಳಗೆ ಹಾಕಬೇಕು, ಅಥವಾ ಎಸ್ಸೆಮ್ಮೆಸ್ಸಿಗೆ ಇಷ್ಟೇ ಅಕ್ಷರ ಅಂತ ಇದೆ, ಅಂಥ ಕಡೆ ಮಾತ್ರ ಸ್ಟ್ರಿಂಗ್ ಒಡೆಯಬೇಕಾಗುತ್ತೆ. ಅದಕ್ಕೆ ಇಂಟ್ಲ್ ಸೆಗ್ಮೆಂಟರ್ ಅನ್ನೋ, ಸ್ಟ್ರಿಂಗ್ ತುಂಡು ಮಾಡೋ ಸಲಕರಣೆ ಜಾವಾಸ್ಕ್ರಿಪ್ಟಿನಲ್ಲೇ ಇದೆ. ಗ್ರ್ಯಾನ್ಯುಲಾರಿಟಿ (ಎಂಥ ತುಂಡು ಬೇಕು ಅನ್ನೋದು) ಗ್ರಾಫೀಮ್ (ಓದೋರಿಗೆ ಒಂದು ಅಕ್ಷರ ಅನಿಸೋ ತುಂಡು) ಅಂತ ಕೊಡಿ. ಫೈರ್‌ಫಾಕ್ಸಿಗೆ ಇದು 125ನೇ ಆವೃತ್ತಿಯಲ್ಲಿ (2024) ಬಂತು, ಕ್ರೋಮ್‌ನಲ್ಲಿ 87ರಿಂದ ಇದೆ.


ಕಿನ್ನಾಳ_ಬೊಂಬೆ ಉತ್ತರ:

ನಮ್ಮ ಕೊಪ್ಪಳದ ಹೆಸರಿನ್ಯಾಗ ಈ ತೊಂದರೆ ಹುಟ್ಟುಗುಣ ಐತ್ರಿ. ಬಳ್ಳಾರಿ, ರಾಯಚೂರಿಗೆ ಇದು ಬರೂದಿಲ್ಲ.

ಕಾಗುಣಿತದಾಗ ‘ಕೊ’ ಅನ್ನೂದನ್ನ ಹೆಂಗ ಬರೀತೀವಿ? ಕ ಬರದು, ತಲಿ ಮ್ಯಾಲೆ ಏತ್ವ ಹಾಕಿ, ಪಕ್ಕಕ್ಕ ಕೊಂಬಿನ ಇಳಿ ಎಳೀತೀವಿ. ಯೂನಿಕೋಡಿನ್ಯಾಗೂ ಎರಡು ದಾರಿ ಅದಾವು. ಒತ್ವಕ್ಕಂತನ ಒಂದೇ ಸಂಕೇತ 3274 ಐತಿ. ಇಲ್ಲಾಂದ್ರ ಏತ್ವ 3270, ಅದು ಆದಮ್ಯಾಲೆ ಕೊಂಬಿನ ಇಳಿ 3266, ಹಿಂಗ ಎರಡು ಸಂಕೇತ. ತೆರೆ ಮ್ಯಾಲೆ ಎರಡೂ ಒಂದ, ಒಳಗ ಬ್ಯಾರೆ ಬ್ಯಾರೆ. ನಿಮ್ಮ ಮೂರು ಸಾಲಿಗೂ ಲೆಂತ್ ಕೇಳ್ರಿ. ಎರಡಕ್ಕ 6 ಬರತೈತಿ, ಮೂರನೇದಕ್ಕ 7 ಬಂದ್ರ ಇದ ಕಾರಣ. ಪಿಡಿಎಫ್‌ನಿಂದ ಕಾಪಿ ಮಾಡಿದ್ದು, ಹಳೇ ಫಾಂಟಿನಿಂದ ಕನ್ವರ್ಟ್ ಮಾಡಿದ್ದು ಇಂಥಾ ಕಡೆಯಿಂದ ಒಡದ ರೂಪ ಬರೂದು ಹೆಚ್ಚು.

ಔಷಧ ಒಂದ ಸಾಲು: ನಾರ್ಮಲೈಸ್( ) ಒಳಗ ‘ಎನ್‌ಎಫ್‌ಸಿ’. ಎರಡು ಸಂಕೇತ ಕೂಡಿ ಒಂದಾಗತೈತಿ. ಹುಡುಕೋ ಪದಕ್ಕೂ ಮಾಡ್ರಿ, ಪಟ್ಟಿಯೊಳಗಿನ ಪದಕ್ಕೂ ಮಾಡ್ರಿ, ಒಂದ ಕಡೆ ಮಾಡಿದ್ರ ಉಪಯೋಗಿಲ್ಲ. ಒತ್ವಕ್ಕಷ್ಟ ಅಲ್ಲ, ಗುಡಿಸಿನ ದೀರ್ಘ, ಏತ್ವದ ದೀರ್ಘ, ಐತ್ವ, ಓತ್ವ ಇವಕ್ಕೂ ಹಿಂಗ ಒಡದ ರೂಪ ಅದಾವು. ‘ಕೋ’ ಪೂರ್ತಿ ಒಡದ್ರ ಕ ಬಿಟ್ಟು ಮೂರು ಸಂಕೇತ ಆಗತೈತಿ. ಔತ್ವಕ್ಕ ಮಾತ್ರ ಈ ತ್ರಾಸಿಲ್ಲ.

ಇನ್ನ ಮರೀಬ್ಯಾಡ್ರಿ, ಸ್ಟ್ರಿಂಗ್ ತಾನ ಬದಲಾಗೂದಿಲ್ಲ. ಊರು.ನಾರ್ಮಲೈಸ್ ಅಂತ ಬರೆದು ಸುಮ್ಮನ ಬಿಟ್ರ ಹೊಸಾ ಸ್ಟ್ರಿಂಗ್ ಹುಟ್ಟಿ ಅಲ್ಲೇ ಸಾಯತೈತಿ. ಊರು ಈಕ್ವಲ್ ಟು ಊರು.ನಾರ್ಮಲೈಸ್ ಅಂತ ವಾಪಸ್ ಹಿಡೀಬೇಕು. ಟ್ರಿಮ್, ರಿಪ್ಲೇಸ್, ಟುಲೋವರ್‌ಕೇಸ್ ಎಲ್ಲಾದಕ್ಕೂ ಇದ ಕತಿ. ನೀವು ಟ್ರಿಮ್ ಮಾಡಿದ್ದನ್ನ ವಾಪಸ್ ಹಿಡಿದೀರೋ ಇಲ್ಲೋ ನೋಡಿಕೊಳ್ರಿ.

ಗಂಗಾವತಿದು ಬ್ಯಾರೆ ರೋಗ. ಅದರ ಎರಡನೇ ಸಂಕೇತ ತಗದು ನೋಡ್ರಿ. ಸೊನ್ನೆ ಅಂದ್ರ ಅನುಸ್ವಾರ 3202 ಇರಬೇಕು. ಬಹಳ ಮಂದಿ ಅಲ್ಲಿ ಕನ್ನಡದ ಅಂಕಿ ಸೊನ್ನೆ ಒತ್ತಿರ್ತಾರ, ಅದು 3302. ನೂರರ ಫರಕು, ನೋಡಾಕ ಒಂದ. ‘ಗ೦ಗಾವತಿ’ ಅಂತ ನಾ ಈಗ ಅಂಕಿ ಹಾಕಿ ಬರದೀನಿ, ಸರಿಯಾದ್ದರ ಪಕ್ಕ ಇಟ್ಟು ನೋಡ್ರಿ: ‘ಗಂಗಾವತಿ’. ಇದನ್ನ ನಾರ್ಮಲೈಸ್ ಸರಿ ಮಾಡೂದಿಲ್ಲ, ಯಾಕಂದ್ರ ಯೂನಿಕೋಡಿನ ಕಣ್ಣಿಗೆ ಇವು ಎರಡು ಸಂಬಂಧ ಇಲ್ಲದ ಅಕ್ಷರ. ರಿಪ್ಲೇಸ್ ಬರೀಬೇಕು: ಅಂಕಿ ಸೊನ್ನೆಯ ಹಿಂದ ಕನ್ನಡ ಅಕ್ಷರ ಅಥವಾ ಕಾಗುಣಿತದ ಗುರುತು ಇದ್ದು, ಮುಂದ ಕನ್ನಡ ಅಂಕಿ ಇಲ್ಲಂದ್ರ ಅದನ್ನ ಅನುಸ್ವಾರ ಮಾಡು. ‘೧೦೦’ರ ಸೊನ್ನೆ ಮುಟ್ಟಬಾರದು, ಅದಕ್ಕ ಈ ಷರತ್ತು.

ಇದರ ಅಣ್ಣ ಒಬ್ಬ ಅದಾನ: ಅರ್ಕಾವತ್ತಿನ ಬದಲಿ ಅಂಕಿ ಒಂಬತ್ತು ಹಾಕೂದು. ‘ಯಲಬುರ್ಗಾ’ ಬರಿಯಾಕ ‘ಯಲಬುಗಾ೯’ ಅಂತ ಒತ್ತಿರ್ತಾರ. ಇಲ್ಲಿ ಬರೇ ಬದಲಾಯಿಸಿದ್ರ ಆಗೂದಿಲ್ಲ, ಜಾಗಾನೂ ತಿರುವಬೇಕು. ಒಂಬತ್ತರ ಹಿಂದಿನ ಪೂರ್ತಿ ಅಕ್ಷರ ಹಿಡಿದು (ಇಲ್ಲಿ ‘ಗಾ’), ಒಂಬತ್ತು ತಗದು, ಆ ಅಕ್ಷರಕ್ಕಿಂತ ಮದಲ ‘ರ್’ ಇಡಬೇಕು.


ಬಿಸಿಲೂರು ಉತ್ತರ:

ಮೇಲಿನವರು ಹೇಳಿದ್ದರ ಜೊತೆ ಗಡಿಭಾಗದವರು ಸೇರಿಸಿಕೊಳ್ಳಲೇಬೇಕಾದ್ದು ಇನ್ನೊಂದಿದೆ: ತೆಲುಗು. ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆ ಫೋನಿನಲ್ಲಿ ಎರಡೂ ಕೀಬೋರ್ಡ್ ಇಟ್ಟುಕೊಂಡಿರುವವರು ಬಹಳ. ತೆಲುಗು ‘ರ’ ಮತ್ತು ಕನ್ನಡ ‘ರ’ ಸಣ್ಣ ಫಾಂಟಿನಲ್ಲಿ ಗುರುತೇ ಸಿಗುವುದಿಲ್ಲ. ಪದದಲ್ಲಿ ಒಂದೇ ಅಕ್ಷರ ತೆಲುಗಿನದಾದರೂ ಹೋಲಿಕೆ ಬಿದ್ದುಹೋಗುತ್ತದೆ.

ಸರಿ ಮಾಡುವುದು ಸುಲಭ. ಎರಡು ಲಿಪಿಗಳನ್ನು ಯೂನಿಕೋಡಿನಲ್ಲಿ ಅಕ್ಕಪಕ್ಕ, ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ. ತೆಲುಗಿನ ಪಾಲು 3072ರಿಂದ 3199, ಕನ್ನಡದ್ದು 3200ರಿಂದ 3327. ತೆಲುಗಿನ ಸಂಕೇತಕ್ಕೆ 128 ಕೂಡಿಸಿದರೆ ಅದೇ ಉಚ್ಚಾರದ ಕನ್ನಡ ಅಕ್ಷರ ಸಿಗುತ್ತದೆ, ನಿತ್ಯ ಬಳಸುವ ಎಲ್ಲ ಅಕ್ಷರಕ್ಕೂ ಇದು ಹೊಂದುತ್ತದೆ. ಆದರೆ ಲಿಪಿ ಬದಲಾಯಿತೆಂದು ಕಾಗುಣಿತ ಬದಲಾಗುವುದಿಲ್ಲ: ತೆಲುಗಿನಲ್ಲಿ ಬಳ್ಳಾರಿಯನ್ನು ಳ ಕೆಳಗೆ ಲ ಒತ್ತು ಕೊಟ್ಟು ಬರೆಯುವುದೂ ಉಂಟು, ಅದು ‘ಬಳ್ಲಾರಿ’ ಆಗಿ ಬರುತ್ತದೆ. ಇಂಗ್ಲಿಷಿನಲ್ಲೂ ಇದೇ ಪಾಡು. ಬಳ್ಳಾರಿಯ ಸ್ಪೆಲಿಂಗ್ 2014ರ ನವೆಂಬರ್ 1ರಿಂದ ಬದಲಾಗಿದೆ, ಹಳೆಯ ಪಟ್ಟಿಗಳಲ್ಲಿ ಹಿಂದಿನ ಸ್ಪೆಲಿಂಗೇ ಇರುತ್ತದೆ. ಇಂಥವಕ್ಕೆ ಒಂದು ಅಡ್ಡಹೆಸರಿನ ಪಟ್ಟಿ ಇಟ್ಟುಕೊಳ್ಳದೆ ದಾರಿಯಿಲ್ಲ.

ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನೂ ಹುಡುಕುವ ಮೊದಲು ತೆಗೆಯಿರಿ. 8204 ಅಕ್ಷರ ಕೂಡದಂತೆ ತಡೆಯುವುದು, ‘ಬಸ್‌ಸ್ಟ್ಯಾಂಡ್’ ಎಂಬಲ್ಲಿ ಸ ಕೆಳಗೆ ಸ ಒತ್ತು ಬೀಳದಿರುವುದು ಇದರಿಂದ. 8205 ‘ರ‍್ಯಾಲಿ’ಯಲ್ಲಿ ಅರ್ಕಾವತ್ತು ಆಗದಂತೆ ರ ಅನ್ನು ಉಳಿಸುವುದು. ವೆಬ್ ಪುಟದಿಂದ ಕಾಪಿ ಮಾಡಿದರೆ 8203 ಕೂಡ ಅಂಟಿಕೊಂಡು ಬರುತ್ತದೆ. ಟ್ರಿಮ್ ಇವು ಮೂರನ್ನೂ ಮುಟ್ಟುವುದಿಲ್ಲ, ಅದು ನಿಜವಾದ ಸ್ಪೇಸ್, ಟ್ಯಾಬ್, ಹೊಸ ಸಾಲುಗಳನ್ನಷ್ಟೇ ತೆಗೆಯುವುದು, ಅದೂ ಎರಡು ತುದಿಯಲ್ಲಿ ಮಾತ್ರ.

ಎಲ್ಲ ಸೇರಿಸಿ ಒಂದೇ ಫಂಕ್ಷನ್ ಮಾಡಿ, ‘ಹುಡುಕುಕೀಲಿ’ ಎಂದೇ ಹೆಸರಿಡಿ (ಜಾವಾಸ್ಕ್ರಿಪ್ಟಿನಲ್ಲಿ ಕನ್ನಡ ಹೆಸರಿನ ಫಂಕ್ಷನ್ ನಡೆಯುತ್ತದೆ). ಒಳಗಿನ ಕ್ರಮ: ತೆಲುಗಿಗೆ 128 ಕೂಡಿಸು, ಎನ್‌ಎಫ್‌ಸಿ ಮಾಡು, 8203, 8204, 8205 ತೆಗೆ, ಅಂಕಿ ಸೊನ್ನೆ ಮತ್ತು ಒಂಬತ್ತು ಸರಿಪಡಿಸು, ನಡುವಿನ ಜೋಡಿ ಸ್ಪೇಸ್ ಒಂದು ಮಾಡು, ಟ್ರಿಮ್, ಕೊನೆಗೆ ಇಂಗ್ಲಿಷಿಗಾಗಿ ಟುಲೋವರ್‌ಕೇಸ್. ಕೊನೆಯದು ಕನ್ನಡಕ್ಕೆ ಏನೂ ಮಾಡುವುದಿಲ್ಲ, ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲವಲ್ಲ.


ಕಿನ್ನಾಳ_ಬೊಂಬೆ ಉತ್ತರ:

@ಬಿಸಿಲೂರು, ಸರಿ ಐತ್ರಿ. ಹಂಗಾದ್ರ ಸೇವ್ ಮಾಡೂಮುಂದನ ಈ ಫಂಕ್ಷನ್ ಹಾಯಿಸಿ ಇಟ್ರ ಆತಲ್ಲ, ಹುಡುಕಿದಾಗೆಲ್ಲ ಯಾಕ ಮಾಡಬೇಕು?


ಬಿಸಿಲೂರು ಉತ್ತರ:

ಬೇಡ. 8204 ತೆಗೆದು ಸೇವ್ ಮಾಡಿದರೆ ‘ಬಸ್‌ಸ್ಟ್ಯಾಂಡ್’ ಇದ್ದದ್ದು ‘ಬಸ್ಸ್ಟ್ಯಾಂಡ್’ ಆಗಿ ತೆರೆಯ ಮೇಲೆ ಒತ್ತಿನ ಕೆಳಗೆ ಒತ್ತು ಸೇರಿ ಗೋಪುರವಾಗುತ್ತದೆ. ‘ರ‍್ಯಾಲಿ’ ‘ರ್ಯಾಲಿ’ ಆಗುತ್ತದೆ. ಒಮ್ಮೆ ತೆಗೆದರೆ ಎಲ್ಲಿ ಇತ್ತೆಂದು ಮತ್ತೆ ಗೊತ್ತಾಗುವುದಿಲ್ಲ. ರೈತರ ಹೆಸರು ಅವರು ಬರೆಸಿದ ಹಾಗೆಯೇ ಇರಲಿ. ಎನ್‌ಎಫ್‌ಸಿ ಮಾತ್ರ ಮಾಡಿ ಸೇವ್ ಮಾಡಬಹುದು, ಅದರಿಂದ ಕಾಣುವುದು ಬದಲಾಗುವುದಿಲ್ಲ. ಹುಡುಕುಕೀಲಿಯನ್ನು ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ ಇಡಿ, ಹುಡುಕುವುದು ಅದರಲ್ಲಿ, ತೋರಿಸುವುದು ಇದರಲ್ಲಿ.

ಮತ್ತೆ, ಹುಡುಕಾಟಕ್ಕೆ ಇನ್‌ಕ್ಲೂಡ್ಸ್ ಸಾಕು, ಅಲ್ಲಿ ಅಕ್ಷರ ಒಡೆಯುವ ಗೋಜು ಬೇಡ. ‘ಮಾನ’ ಎಂದು ಹೊಡೆಯುವಷ್ಟರಲ್ಲೇ ‘ಮಾನ್ವಿ’ ಸಿಗುತ್ತದೆ, ಏಕೆಂದರೆ ಸಂಕೇತದ ಲೆಕ್ಕದಲ್ಲಿ ಮ, ಇಳಿ, ನ ಮೂರೂ ಅಲ್ಲಿವೆ. ಕತ್ತರಿಸುವಾಗ ಕಾಟ ಕೊಟ್ಟ ಗುಣವೇ ಇಲ್ಲಿ ಕೆಲಸಕ್ಕೆ ಬರುತ್ತದೆ.


ಸಿಂಧನೂರು_ಕಾಲುವೆ ಕೇಳಿದ್ದು:

ಮೊತ್ತ ಸರಿ ಆತ್ರಿ, 65 ಬಂತು. ಕೊಪ್ಪಳದ ಮೂರನೇ ಸಾಲಿಗೆ ಲೆಂತ್ 7 ಇತ್ತು, ಎನ್‌ಎಫ್‌ಸಿ ಮಾಡಿದ ಮ್ಯಾಲೆ ಮೂರೂ ಸಿಗ್ತಾವ. ಗಂಗಾವತಿಯೊಳಗ 3302 ಇತ್ತು, ನೀವು ಹೇಳಿದಂಗ.

ಎರಡು ಉಳಿದಾವ. ಬಿಲ್ಲೆಯೊಳಗ ಹಾಕ್ಲಿಕ್ಕೆ ಸೆಗ್ಮೆಂಟರ್ ಹಾಕಿ ನೋಡೀನಿ. ‘ಕೊಪ್ಪಳ’ಕ್ಕ ಮೊದಲನೇ ತುಂಡು ‘ಕೊ’ ಛಲೋ ಬಂತು. ಆದ್ರ ‘ಬಳ್ಳಾರಿ’ಗೆ ಮೂರು ಬರಬೇಕಿತ್ತು, ನಾಲ್ಕು ತುಂಡು ಬಂದಾವ: ಬ, ಳ್, ಳಾ, ರಿ. ಇದೇನು ಬ್ರೌಸರಿನ ತಪ್ಪಾ?

ಮತ್ತ ದರದ ಬಾಕ್ಸಿನ್ಯಾಗ ಮಂದಿ ‘1,850’ ಅಂತ ಕಾಮಾ ಹಾಕಿ ಬರೀತಾರ. ಪಾರ್ಸ್‌ಇಂಟ್ ಹಾಕಿದ್ರ ಬರೇ 1 ಬರ್ತದ. ಕಾಮಾಕ್ಕ ರಿಪ್ಲೇಸ್ ಹಾಕಿದೆ, ಇದು ಸರಿ ಆತು. ‘1,25,000’ಕ್ಕ ಮಾತ್ರ 125 ಬಂತು. ಕೆಲವರು ‘೧೮೫೦’ ಅಂತ ಕನ್ನಡ ಅಂಕಿನೂ ಹಾಕ್ತಾರ, ಅದಕ್ಕ ನ್ಯಾನ್ (ಸಂಖ್ಯೆ ಅಲ್ಲ ಅನ್ನೋ ಉತ್ತರ) ಬರ್ತದ.


ಕೋಟೆ_ಕೆಳಗೆ ಉತ್ತರ:

ಬ್ರೌಸರಿನ ತಪ್ಪಲ್ಲ, ನಿಯಮವೇ ಹಾಗಿದೆ. ನಾನು ಮೊದಲೇ ಹೇಳಬೇಕಿತ್ತು. ಗ್ರಾಫೀಮ್ ನಿಯಮದಲ್ಲಿ ಹಲಂತ ತನ್ನ ಹಿಂದಿನ ವ್ಯಂಜನಕ್ಕೆ ಅಂಟುತ್ತೆ, ಮುಂದಿನದಕ್ಕೆ ಅಂಟಲ್ಲ. ಯೂನಿಕೋಡ್ 15.1ರಲ್ಲಿ ಒತ್ತಕ್ಷರ ಒಡೆಯಬಾರದು ಅಂತ ಹೊಸ ನಿಯಮ ತಂದರು, ದೇವನಾಗರಿ, ತೆಲುಗು, ಮಲಯಾಳಂ ಎಲ್ಲ ಅದರಲ್ಲಿವೆ, ಕನ್ನಡವನ್ನ ಸೇರಿಸಲಿಲ್ಲ. ಪಕ್ಕದ ಮನೆ ತೆಲುಗಿಗೆ ಇರೋ ಸವಲತ್ತು ನಮಗಿಲ್ಲ ಅನ್ನೋದು ಬೇಜಾರೇ, ಆದರೆ ಏಳೆಂಟು ಸಾಲಿನ ಕೋಡಲ್ಲಿ ಸರಿಹೋಗುತ್ತೆ.

ಸೆಗ್ಮೆಂಟರ್ ಕೊಟ್ಟ ತುಂಡುಗಳನ್ನ ಒಂದೊಂದಾಗಿ ತೆಗೆದುಕೊಳ್ಳಿ. ಹಿಂದಿನ ತುಂಡಿನ ಕೊನೇ ಸಂಕೇತ 3277 ಇದೆಯಾ? ಈ ತುಂಡಿನ ಮೊದಲ ಸಂಕೇತ 3221 (ಕ) ಮತ್ತು 3257 (ಹ) ನಡುವೆ ಇದೆಯಾ? ಎರಡೂ ಹೌದಾದರೆ ಈ ತುಂಡನ್ನ ಹಿಂದಿನದಕ್ಕೆ ಅಂಟಿಸಿ, ಇಲ್ಲದಿದ್ದರೆ ಹೊಸದಾಗಿ ಪಟ್ಟಿಗೆ ಹಾಕಿ. ‘ಳ್’ ಮತ್ತು ‘ಳಾ’ ಸೇರಿ ‘ಳ್ಳಾ’ ಆಗುತ್ತೆ, ಎಣಿಕೆ ಮೂರಕ್ಕೆ ಬರುತ್ತೆ.

ಎರಡನೇ ಷರತ್ತು ಯಾಕೆ ಅಂದರೆ ‘ಬಸ್ ನಿಲ್ದಾಣ’ದಲ್ಲಿ ‘ಸ್’ ಆದಮೇಲೆ ಸ್ಪೇಸ್ ಇದೆ, ಅದನ್ನ ಅಂಟಿಸಬಾರದು. ಜೋಡಕ ಇರೋ ‘ಬಸ್‌ಸ್ಟ್ಯಾಂಡ್’ ತಾನಾಗಿಯೇ ಸರಿ ಬರುತ್ತೆ: ಅಲ್ಲಿ ‘ಸ್’ ತುಂಡಿನ ಕೊನೇ ಸಂಕೇತ 3277 ಅಲ್ಲ, 8204. ಹಾಗಾಗಿ ಬ, ಸ್, ಸ್ಟ್ಯಾಂ, ಡ್ ಅಂತ ನಾಲ್ಕು. ಹಾಗಾಗಿಯೇ ಬಿಲ್ಲೆಗೆ ತೆಗೆಯೋವಾಗ ತೋರಿಸೋ ಹೆಸರನ್ನ ಬಳಸಿ, ಹುಡುಕುಕೀಲಿಯನ್ನಲ್ಲ.

ಅರೇ.ಫ್ರಂ ಅಥವಾ ಕೋಡಿನೊಳಗೆ ಸ್ಟ್ರಿಂಗಿನ ಮುಂದೆ ಮೂರು ಚುಕ್ಕಿ (ಸ್ಪ್ರೆಡ್) ಹಾಕಿ ಒಡೆದರೆ ಸಾಕು ಅಂತ ಎಷ್ಟೋ ಕಡೆ ಬರೆದಿರ್ತಾರೆ. ಅದು ಇಮೋಜಿಗೆ. ಭತ್ತದ ತೆನೆಯ ಇಮೋಜಿ ಒಂದಕ್ಕೆ ಲೆಂತ್ 2 ಬರುತ್ತೆ, ಅದನ್ನ ಒಂದು ಮಾಡುತ್ತೆ. ಬಳ್ಳಾರಿ ಮಾತ್ರ ಏಳೇ.

ಕಾಮಾ ವಿಷಯ: ರಿಪ್ಲೇಸ್‌ಗೆ ಬರೀ ಸ್ಟ್ರಿಂಗ್ ಕೊಟ್ಟರೆ ಮೊದಲು ಸಿಕ್ಕ ಒಂದನ್ನೇ ಬದಲಾಯಿಸಿ ನಿಲ್ಲುತ್ತೆ. ‘1,850’ರಲ್ಲಿ ಇದ್ದದ್ದೇ ಒಂದು, ಅದಕ್ಕೆ ಸರಿ ಬಂತು. ‘1,25,000’ ಆಗಿದ್ದು ‘125,000’, ಪಾರ್ಸ್‌ಇಂಟ್ ಉಳಿದ ಕಾಮಾದ ತನಕ ಓದಿ 125 ಕೊಟ್ಟು ಎದ್ದು ಹೋಯಿತು. ರಿಪ್ಲೇಸ್‌ಆಲ್ ಬಳಸಿ. ದುಡ್ಡಿನ ಕಡೆ ಪಾರ್ಸ್‌ಇಂಟ್ ಬೇಡವೇ ಬೇಡ, ಅದು ಓದೋಕೆ ಆದಷ್ಟು ಓದಿ ಉಳಿದದ್ದು ನುಂಗಿಬಿಡುತ್ತೆ. ‘1850.50’ ಕೊಟ್ಟರೆ ಐವತ್ತು ಪೈಸೆನೂ ಹೋಯ್ತು. ನಂಬರ್( ) ಆದರೆ ಅರ್ಥವಾಗದ್ದು ಒಂದಿದ್ದರೂ ನ್ಯಾನ್ ಅನ್ನುತ್ತೆ, ನೀವು ಕೆಂಪು ಅಕ್ಷರದಲ್ಲಿ ‘ದರ ಸರಿಯಾಗಿ ಬರೀರಿ’ ಅಂತ ತೋರಿಸಬಹುದು.

ಕನ್ನಡ ಅಂಕಿಗೆ: ೦ ಇಂದ ೯ ತನಕ ಯಾವುದೇ ಅಂಕಿ ಸಿಕ್ಕರೆ ಅದರ ಸಂಕೇತದಿಂದ 3302 ಕಳೆಯಿರಿ, ಉಳಿದದ್ದೇ ಅಂಕಿ. ೮ರ ಸಂಕೇತ 3310, ಕಳೆದರೆ 8. ರೆಜೆಕ್ಸಿನಲ್ಲಿ (ಹುಡುಕೋ ಮಾದರಿ ಬರೆಯೋ ರೀತಿ) ಹಿಮ್ಮುಖ ಗೀಟು ಡಿ ಬರೆದರೆ ಕನ್ನಡ ಅಂಕಿ ಸಿಗಲ್ಲ, ಜಾವಾಸ್ಕ್ರಿಪ್ಟಿನಲ್ಲಿ ಅದು 0–9 ಮಾತ್ರ. ಚೌಕ ಕಂಸದೊಳಗೆ [೦-೯] ಅಂತಲೇ ಬರೀರಿ, ಕೊನೆಗೆ ಜಿ ಫ್ಲ್ಯಾಗ್ (ಸಿಕ್ಕಿದ್ದನ್ನೆಲ್ಲ ಹಿಡಿ ಅನ್ನೋ ಗುರುತು) ಹಾಕಿ. ಇದೆಲ್ಲ ನಡೀಬೇಕಾದರೆ ಆ ಬಾಕ್ಸಿನ ಟೈಪ್ ಟೆಕ್ಸ್ಟ್ ಇರಬೇಕು, ನಂಬರ್ ಅಂತ ಇದ್ದರೆ ಕಾಮಾ, ಕನ್ನಡ ಅಂಕಿ ಎರಡನ್ನೂ ಬ್ರೌಸರೇ ತಡೆದು ವ್ಯಾಲ್ಯೂ ಖಾಲಿ ಕೊಡುತ್ತೆ. ಇನ್‌ಪುಟ್‌ಮೋಡ್ ಡೆಸಿಮಲ್ ಕೊಟ್ಟರೆ ಫೋನಿನಲ್ಲಿ ಅಂಕಿ ಕೀಬೋರ್ಡೇ ಬರುತ್ತೆ. ವಾಪಸ್ ತೋರಿಸೋವಾಗ ಕಾಮಾ ಕೈಯಲ್ಲಿ ಹಾಕಬೇಡಿ, ಟುಲೊಕೇಲ್‌ಸ್ಟ್ರಿಂಗ್‌ಗೆ ಇಂಗ್ಲಿಷ್-ಇಂಡಿಯಾ ಗುರುತು ಕೊಡಿ, 125000 ಅನ್ನ 1,25,000 ಅಂತ ಲಕ್ಷದ ಲೆಕ್ಕದಲ್ಲೇ ಬರೆಯುತ್ತೆ.


ತುಂಗಭದ್ರಾ_ಎಡದಂಡೆ ಉತ್ತರ:

ಇನ್ನೂ ಸರ್ವರ್ ಕಡೆ ಹೋಗಿಲ್ಲ ಅನ್ಸುತ್ತೆ. ಪಿಎಚ್‌ಪಿ (ಸರ್ವರಿನಲ್ಲಿ ನಡೆಯೋ ಭಾಷೆ), ಮೈಎಸ್‌ಕ್ಯುಎಲ್ (ಡೇಟಾಬೇಸ್) ಹಾಕೋದಾದರೆ ಮೊದಲೇ ಗೊತ್ತಿರಲಿ.

ಪಿಎಚ್‌ಪಿಯ ಎಸ್‌ಟಿಆರ್‌ಲೆನ್ ಎಣಿಸೋದು ಬೈಟ್. ಕನ್ನಡದ ಒಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ (ಯೂನಿಕೋಡ್ ಸಂಕೇತವನ್ನ ಬೈಟ್ ಆಗಿ ಬರೆದಿಡೋ ರೀತಿ) ಮೂರು ಬೈಟ್, ಹಾಗಾಗಿ ಬಳ್ಳಾರಿಗೆ 21, ಹಗರಿಬೊಮ್ಮನಹಳ್ಳಿಗೆ 45. ಸಬ್‌ಎಸ್‌ಟಿಆರ್‌ನಿಂದ 10 ಅಂತ ಕತ್ತರಿಸಿದರೆ ಮೂರು ಸಂಕೇತ ಆಗಿ ನಾಲ್ಕನೇದರ ಒಂದು ಬೈಟ್ ನೇತಾಡುತ್ತೆ. ಆ ತುಂಡನ್ನ ಜೇಸನ್‌ಎನ್‌ಕೋಡ್‌ಗೆ (ಡೇಟಾವನ್ನ ಬ್ರೌಸರಿಗೆ ಕಳಿಸೋ ರೂಪಕ್ಕೆ ತರೋ ಫಂಕ್ಷನ್) ಕೊಟ್ಟರೆ ಅದು ಫಾಲ್ಸ್ ಅಂದುಬಿಡುತ್ತೆ, ಬ್ರೌಸರಿಗೆ ಖಾಲಿ ಉತ್ತರ ಹೋಗುತ್ತೆ, ತಪ್ಪು ಎಲ್ಲಿ ಅಂತ ತಲೆ ಕೆಟ್ಟುಹೋಗುತ್ತೆ. ಎಂಬಿ ಅಂತ ಶುರುವಾಗೋ ಫಂಕ್ಷನ್‌ಗಳನ್ನೇ ಬಳಸಿ, ಅವು ಸಂಕೇತದ ಲೆಕ್ಕದಲ್ಲಿ ನಡೀತವೆ.

ಟೇಬಲ್ ಯುಟಿಎಫ್8ಎಂಬಿ4 ಇರಲಿ. ಬರೀ ಯುಟಿಎಫ್8 ಅಂತಿದ್ದರೂ ಕನ್ನಡ ಹಿಡಿಸುತ್ತೆ, ಯಾಕಂದರೆ ಅದರ ಮಿತಿ ಮೂರು ಬೈಟ್, ಆದರೆ ಯಾರೋ ಹೆಸರಿನ ಪಕ್ಕ ಇಮೋಜಿ ಹಾಕಿದ ದಿನ ನಿಲ್ಲುತ್ತೆ. ವಾರ್‌ಚಾರ್ 15 ಅಂದರೆ 15 ಸಂಕೇತ, ಬೈಟ್ ಅಲ್ಲ, ಹಾಗಾಗಿ ಹಗರಿಬೊಮ್ಮನಹಳ್ಳಿ ತುದೀಲಿ ಕೂರುತ್ತೆ. ಒಡೆದ ಒತ್ವ ಬಂದರೆ 16 ಆಗಿ ಆಚೆ ಬೀಳುತ್ತೆ. 60 ಕೊಟ್ಟು ನಿಶ್ಚಿಂತೆಯಾಗಿರಿ. ಎಚ್‌ಟಿಎಂಎಲ್‌ನ ಮ್ಯಾಕ್ಸ್‌ಲೆಂತ್ ಕೂಡ ಅಕ್ಷರ ಎಣಿಸಲ್ಲ, ಜಾವಾಸ್ಕ್ರಿಪ್ಟಿನ ಲೆಂತ್ ಲೆಕ್ಕವೇ ಅದಕ್ಕೂ. ಅಲ್ಲಿ 10 ಅಂತ ಕೊಟ್ಟರೆ ಲಿಂಗಸುಗೂರು ಸರಿಯಾಗಿ ಕೂರುತ್ತೆ, ಐದೇ ಅಕ್ಷರ ಆದರೂ.

ಪುಟದಲ್ಲಿ ಕನ್ನಡದ ಬದಲು ತಲೆ ಮೇಲೆ ಗೀಟಿರೋ ಇಂಗ್ಲಿಷ್ ಎ, ಪಕ್ಕದಲ್ಲಿ ಮೇಲಕ್ಕೆ ಏರಿದ ಪುಟ್ಟ 2 ಅಥವಾ 3, ಹೀಗೇ ಸಾಲುಸಾಲಾಗಿ ಕಂಡರೆ ಗಾಬರಿ ಬೇಡ, ಡೇಟಾ ಸರಿಯಾಗೇ ಇರುತ್ತೆ. ಕನ್ನಡದ ಪ್ರತಿ ಸಂಕೇತ 224, 178 ಅಥವಾ 224, 179 ಅನ್ನೋ ಬೈಟಿನಿಂದ ಶುರುವಾಗುತ್ತೆ, ಅದನ್ನ ಬ್ರೌಸರ್ ಹಳೇ ವಿಂಡೋಸ್ ಪಟ್ಟಿಯಲ್ಲಿ ಓದಿದೆ ಅಷ್ಟೆ. ಮೆಟಾ ಚಾರ್‌ಸೆಟ್ ಸಾಲನ್ನ ಹೆಡ್ ಟ್ಯಾಗಿನ ಮೊದಲನೇ ಸಾಲಾಗಿ ಇಡಿ, ಫೈಲಿನ ಮೊದಲ 1024 ಬೈಟಿನೊಳಗೆ ಅದು ಇರಲೇಬೇಕು. ಬರೀ ಪ್ರಶ್ನೆ ಚಿಹ್ನೆಗಳು ಕಂಡರೆ ಮಾತ್ರ ಸೇವ್ ಆಗೋವಾಗಲೇ ಅಕ್ಷರ ಹೋಗಿರಬಹುದು, ಹಾಗಿದ್ದರೆ ಅದು ವಾಪಸ್ ಬರಲ್ಲ. ಪಿಎಚ್‌ಪಿಯಿಂದ ಕನೆಕ್ಷನ್ ತೆರೆಯೋವಾಗಲೂ ಯುಟಿಎಫ್8ಎಂಬಿ4 ಅಂತ ಹೇಳಿದ್ದೀರಾ ನೋಡಿ, ಟೇಬಲ್ ಒಂದೇ ಸರಿ ಇದ್ದರೆ ಸಾಲಲ್ಲ.

ಯಾರಾದರೂ ಹಳೇ ನುಡಿ ಅಥವಾ ಬರಹ ಫೈಲಿನಿಂದ ಊರಿನ ಪಟ್ಟಿ ಕೊಟ್ಟರೆ ಅದು ಬೇರೇನೇ. ಆ ಫೈಲಿನಲ್ಲಿ ಇರೋದು ಇಂಗ್ಲಿಷ್ ಸಂಕೇತ, ಫಾಂಟ್ ಮಾತ್ರ ಕನ್ನಡದ ಬಟ್ಟೆ ತೊಡಿಸಿರುತ್ತೆ. ಮೊದಲು ಯೂನಿಕೋಡಿಗೆ ಕನ್ವರ್ಟ್ ಮಾಡಿಕೊಳ್ಳಿ, ಕನ್ವರ್ಟ್ ಆದಮೇಲೆ ಕಿನ್ನಾಳ ಅವರು ಹೇಳಿದ ಎನ್‌ಎಫ್‌ಸಿ ತಪ್ಪದೇ ಹಾಯಿಸಿ.


ಕಿನ್ನಾಳ_ಬೊಂಬೆ ಉತ್ತರ:

ಪಟ್ಟಿ ಅಕಾರಾದಿ ಜೋಡಿಸೂದಿದ್ರ ಒಂದು ಮಾತು. ಬರೇ ಸಾರ್ಟ್( ) ಹಾಕಿದ್ರ ಕನ್ನಡಕ್ಕ ಬಹುಪಾಲು ಸರೀನ ಬರತೈತಿ, ಯಾಕಂದ್ರ ಸಂಕೇತದ ಕ್ರಮ ವರ್ಣಮಾಲೆದ ಐತಿ. ಕೈ ಕೊಡೂದು ‘ಳ’. ವರ್ಣಮಾಲೆಯೊಳಗ ಅದು ಹ ಆದಮ್ಯಾಲೆ ಕಡೀಗೆ ಬರತೈತಿ, ಯೂನಿಕೋಡಿನ್ಯಾಗ ಲ ಪಕ್ಕದಾಗ ಕುಂತೈತಿ. ಹಿಂಗಾಗಿ ‘ಬಳ್ಳಾರಿ’ ‘ಬಸವನಬಾಗೇವಾಡಿ’ಗಿಂತ ಮದಲ ಬಂದುಬಿಡತೈತಿ. ಸಾರ್ಟ್ ಒಳಗ ಇಂಟ್ಲ್ ಕೊಲೇಟರ್‌ಗೆ (ಆಯಾ ಭಾಷೆಯ ವರ್ಣಮಾಲೆ ಪ್ರಕಾರ ಹೋಲಿಸೂದು) ಕನ್ನಡದ ಗುರುತು ‘ಕೆಎನ್’ ಕೊಟ್ಟು ಅದರ ಕಂಪೇರ್ ಹಾಕ್ರಿ. ಚೀಲದ ಸಂಖ್ಯೆ ಜೋಡಿಸೂಮುಂದ ಬರೇ ಸಾರ್ಟ್ ಹಾಕಲೇಬ್ಯಾಡ್ರಿ, ಅದು ಸಂಖ್ಯೆನೂ ಸ್ಟ್ರಿಂಗ್ ಮಾಡಿ ಹೋಲಿಸಿ 100ನ್ನ 25ರ ಮುಂದ ತಂದಿಡತೈತಿ. ಎರಡರ ವ್ಯತ್ಯಾಸ ಕಳದು ಕೊಡೋ ಫಂಕ್ಷನ್ ಬರೀರಿ.


ಸಿಂಧನೂರು_ಕಾಲುವೆ ಬರೆದದ್ದು:

ಅಂಟಿಸೋ ಕೋಡ್ ಹಾಕಿದೆ, ‘ಬಳ್ಳಾರಿ’ 3, ‘ಕುಷ್ಟಗಿ’ 3, ‘ಯಲಬುರ್ಗಾ’ 4 ಬಂದಾವ. ಕಾರ್ಡಿಂದು ಸಿಎಸ್‌ಎಸ್‌ಗೇ ಬಿಟ್ಟೀನಿ, ಸ್ಪ್ಯಾನ್ ಇತ್ತು, ಇನ್‌ಲೈನ್‌ಬ್ಲಾಕ್ ಮಾಡಿದ ಮ್ಯಾಲೆ ಚುಕ್ಕಿ ಕಾಣ್ತಾವ. ದರದ ಬಾಕ್ಸ್ ಟೆಕ್ಸ್ಟ್ ಮಾಡಿ ‘೧,೨೫,೦೦೦’ ಹಾಕಿ ನೋಡೀನಿ, 125000 ಬಂತು. ಆದ್ರ ಹುಡುಕುಕೀಲಿ ಫಂಕ್ಷನ್ ದರಕ್ಕೂ ಹಾಯಿಸಿದಾಗ ‘ದರ೧೮೫೯’ ಅಂತ ಸ್ಪೇಸ್ ಇಲ್ಲದ್ದು ಒಂದು ಕೆಟ್ಟು ಬಂತು.


ಕಿನ್ನಾಳ_ಬೊಂಬೆ ಉತ್ತರ:

ಒಂಬತ್ತಿನ ನಿಯಮಕ್ಕ ಷರತ್ತು ಕಡಿಮಿ ಆಗೈತಿ. ಹಿಂದ ಬರೂದು ಅಂಕಿ ಅಲ್ಲ, ವ್ಯಂಜನ ಅಥವಾ ಕಾಗುಣಿತದ ಗುರುತ ಇರಬೇಕಂತ ಬರೀರಿ, 3221ರಿಂದ 3257, ಮತ್ತ 3262ರಿಂದ 3276 ಅಷ್ಟ. ನೀವು 3200ರಿಂದ 3327 ಪೂರ್ತಿ ಕೊಟ್ಟಿರಬೇಕು, ಅದರಾಗ ಅಂಕಿನೂ ಬರತಾವು, ಅದಕ್ಕ ೫ಕ್ಕಿಂತ ಮದಲ ‘ರ್’ ಹೋಗಿ ಕುಂತೈತಿ. ಮತ್ತ ದರಕ್ಕ ಆ ಫಂಕ್ಷನ್ ಹಾಯಿಸಬ್ಯಾಡ್ರಿ, ಅದು ಹೆಸರಿಗೆ ಮಾಡಿದ್ದು. ದರಕ್ಕ ಅಂಕಿ ಬದಲಾಯಿಸೂದು, ಕಾಮಾ ತಗಿಯೂದು, ನಂಬರ್( ), ಇಷ್ಟ ಇರೋ ಬ್ಯಾರೆ ಫಂಕ್ಷನ್ ಇಡ್ರಿ.